ಸೆಣಬು ಬಿತ್ತಿದ ತೋಪಿನಲ್ಲಿ ಮಣ್ಣಿಗೆ ಉಳಿಯುವುದೆಷ್ಟು?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತ ಬೇಸಿಗೆಯಲ್ಲಿ ಓಡಾಡಿದವರಿಗೆ ಅಲ್ಲಿನ ಮಾವಿನ ತೋಪುಗಳ ಒಂದು ಲಕ್ಷಣ ಕಣ್ಣಿಗೆ ಬೀಳದೆ ಇರದು. ಮೇಲೆ ದಟ್ಟ ಹಸಿರು, ಕೆಳಗೆ ಬೋಳು ಕೆಂಪು ನೆಲ. ಮರಗಳ ಸಾಲಿನ ನಡುವೆ ಟ್ರ್ಯಾಕ್ಟರ್ ನೇಗಿಲು ಎಳೆದ ಗೆರೆಗಳು ಅಚ್ಚೊತ್ತಿದಂತಿರುತ್ತವೆ. ಹುಲ್ಲಿನ ಒಂದು ಎಸಳೂ ಇಲ್ಲದ ತೋಪೇ ಚೊಕ್ಕ ತೋಪು ಎಂಬ ಭಾವನೆ ರೈತರಲ್ಲಿ ಬಲವಾಗಿದೆ. ಹತ್ತು ಮೀಟರ್ ಅಂತರದಲ್ಲಿ ನೆಟ್ಟ ಮಾವಿನಲ್ಲಿ ಒಂದೊಂದು ಮರದ ಪಾಲಿಗೆ 100 ಚದರ ಮೀಟರ್ ನೆಲ ಬರುತ್ತದೆ. ಎಳೆಯ ಗಿಡದ ಪಾತಿ ಎರಡು ಮೀಟರ್ ತ್ರಿಜ್ಯದ್ದು ಎಂದಿಟ್ಟುಕೊಂಡರೂ ಅದು ಆಕ್ರಮಿಸುವುದು ಹದಿಮೂರು ಚದರ ಮೀಟರನ್ನೂ ಮುಟ್ಟದು. ಉಳಿದ 87 ಪಾಲು ನೆಲ ವರ್ಷಗಟ್ಟಲೆ ಬಿಸಿಲಿಗೆ, ಗಾಳಿಗೆ, ಹೊಡೆತದ ಮಳೆಗೆ ಮೈಯೊಡ್ಡಿ ಬಿದ್ದಿರುತ್ತದೆ.

ಈ ಖಾಲಿ ನೆಲದಲ್ಲಿ ಸೆಣಬು, ಡಯಾಂಚ, ಅಲಸಂದೆ, ಹುರುಳಿಯಂಥ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿರಿ, ಸಾವಯವ ಅಂಶ ಹೆಚ್ಚುತ್ತದೆ ಎಂಬುದು ಕೃಷಿ ಪಂಡಿತರು ಬಹುಕಾಲದಿಂದ ಹೇಳುತ್ತಾ ಬಂದ ಮಾತು. ಮಾತಿನಲ್ಲಿ ತಪ್ಪಿಲ್ಲ. ಆದರೆ ಅದನ್ನು ನಂಬಿ ಒಂದು ವರ್ಷ ಸೆಣಬು ಬಿತ್ತಿದ ರೈತ ಮರುವರ್ಷ ಮಣ್ಣು ಪರೀಕ್ಷೆ ಮಾಡಿಸುತ್ತಾನೆ. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಜಾರಿಯಾದ ಮೇಲೆ ಸಾವಯವ ಇಂಗಾಲದ ಅಂಕಿ ಹಳ್ಳಿಯವರಿಗೂ ಪರಿಚಿತ. ಶೇಕಡಾ 0.50ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.75ರವರೆಗೆ ‘ಮಧ್ಯಮ’, ಅದಕ್ಕೂ ಮೇಲೆ ‘ಹೆಚ್ಚು’. ಮೊದಲು 0.40 ಇದ್ದದ್ದು ಸೆಣಬು ಬಿತ್ತಿದ ಮೇಲೂ 0.40 ಎಂದೇ ಬಂದರೆ? ಬೀಜದ ದುಡ್ಡು, ಉಳುಮೆಯ ದುಡ್ಡು ನೀರಿಗೆ ಹೋಯಿತೆಂದು ಅವನಿಗೆ ಅನಿಸುವುದು ಸಹಜ. ಮುಂದಿನ ವರ್ಷ ಅವನು ಸೆಣಬಿನ ಗೊಡವೆಗೇ ಹೋಗುವುದಿಲ್ಲ.

ಹಾಗಾದರೆ ಸೆಣಬಿನ ಮಹಿಮೆ ಸುಳ್ಳೇ? ಪ್ರಯೋಗಾಲಯದ ಅಂಕಿ ಸುಳ್ಳೇ? ಎರಡೂ ಅಲ್ಲ. ಲೆಕ್ಕ ಇರುವುದೇ ಹಾಗೆ. ಬೇಸಾಯದ ಪುಸ್ತಕಗಳು ಈ ಲೆಕ್ಕವನ್ನು ರೈತನ ಮುಂದೆ ಬಿಡಿಸಿ ಇಡುವುದು ಅಪರೂಪ.

ಒಂದು ಎಕರೆ ಮಣ್ಣಿನ ತೂಕ

ಒಂದು ಎಕರೆ ಎಂದರೆ 4,047 ಚದರ ಮೀಟರ್. ಪರೀಕ್ಷೆಗೆ ಮಣ್ಣು ತೆಗೆಯುವುದು 15 ಸೆಂಟಿಮೀಟರ್, ಅಂದರೆ ಗೇಣಿಗೂ ತುಸು ಕಡಿಮೆ ಆಳದಿಂದ. ಅಷ್ಟು ಆಳದವರೆಗಿನ ಒಂದು ಎಕರೆ ಮಣ್ಣನ್ನು ತೂಕಕ್ಕೆ ಹಾಕಿದರೆ ಸುಮಾರು 800 ಟನ್. ಅದರಲ್ಲಿ ಶೇಕಡಾ 0.40 ಸಾವಯವ ಇಂಗಾಲ ಇದ್ದರೆ ಅದರ ತೂಕ 3,200 ಕಿಲೊ. ಈ ಅಂಕಿಯನ್ನು 0.40ರಿಂದ 0.50ಕ್ಕೆ ಏರಿಸಬೇಕಾದರೆ ಇನ್ನೂ 800 ಕಿಲೊ ಇಂಗಾಲ ಮಣ್ಣಿನಲ್ಲಿ ಬಂದು ನೆಲೆ ನಿಲ್ಲಬೇಕು. ಚೀಟಿಯಲ್ಲಿ ಕಾಣುವುದು ಒಂದೇ ಒಂದು ದಶಾಂಶ, ಅದರ ಹಿಂದಿರುವುದು ಮುಕ್ಕಾಲು ಟನ್ನಿಗೂ ಮೀರಿದ ಭಾರ.

ಈಗ ಸೆಣಬಿನ ಕಡೆ ನೋಡಬಹುದು. ಮಳೆ ಅನುಕೂಲವಾದ ವರ್ಷ ಎಕರೆಗೆ ಆರೇಳು ಟನ್ ಹಸಿ ಸೊಪ್ಪು ಬರುತ್ತದೆ. ಎದೆಯೆತ್ತರ ಬೆಳೆದು ಹಳದಿ ಹೂ ಬಿಟ್ಟು ನಿಂತ ಸೆಣಬನ್ನು ಕಂಡರೆ ಮಣ್ಣೆಲ್ಲಾ ಗೊಬ್ಬರವಾದಂತೆಯೇ ಎನಿಸುತ್ತದೆ. ಆದರೆ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಏಳು ಟನ್ ಹಸಿ ಸೊಪ್ಪನ್ನು ಒಣಗಿಸಿದರೆ ಸಿಗುವುದು 1,400 ಕಿಲೊ. ಒಣ ಸೊಪ್ಪಿನಲ್ಲಿ ಇಂಗಾಲದ ಪಾಲು ಶೇಕಡಾ 40ಕ್ಕೆ ತುಸು ಮೇಲೆ, ಅಂದರೆ 600 ಕಿಲೊ. ಒಂದು ಚೂರೂ ಹಾಳಾಗದೆ ಎಲ್ಲವೂ ಮಣ್ಣಿನಲ್ಲೇ ಉಳಿದರೂ ಬೇಕಾದ 800 ಕಿಲೊ ಆಗುವುದಿಲ್ಲ!

ಎಲ್ಲವೂ ಉಳಿಯುವುದೂ ಇಲ್ಲ. ಸೊಪ್ಪು ಮಣ್ಣಿಗೆ ಬಿದ್ದ ಕೂಡಲೇ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಸಂತೆ ನೆರೆಯುತ್ತದೆ. ಅವು ತಿಂದು ಉಸಿರಾಡಿದಷ್ಟೂ ಇಂಗಾಲ ಗಾಳಿಗೆ ಮರಳುತ್ತದೆ. ಈ ವೇಗವನ್ನು ಅಳೆದವರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜೆಂಕಿನ್‌ಸನ್ ಮುಖ್ಯರು. ಅವರು ವಿಕಿರಣಶೀಲ ಇಂಗಾಲ-14ರ ಗುರುತು ಹಾಕಿ ಬೆಳೆಸಿದ ರೈ ಹುಲ್ಲನ್ನು ಮಣ್ಣಿಗೆ ಸೇರಿಸಿ ವರ್ಷಗಟ್ಟಲೆ ಕಾದರು. ಒಂದು ವರ್ಷದ ಮೇಲೆ ಉಳಿದದ್ದು ಸುಮಾರು ಮೂರರಲ್ಲೊಂದು ಪಾಲು. ಐದು ವರ್ಷಕ್ಕೆ ಅದು ಐದರಲ್ಲೊಂದು ಪಾಲಿಗೆ ಇಳಿದಿತ್ತು. ಅದೇ ಬಗೆಯ ಪ್ರಯೋಗವನ್ನು ಅವರು ಅಯನಾಬಾ ಎಂಬ ವಿಜ್ಞಾನಿಯ ಜೊತೆಗೂಡಿ ನೈಜೀರಿಯಾದ ಇಬಾದಾನ್‌ನಲ್ಲಿ ನಡೆಸಿ 1977ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಳೆಯುವ ಕ್ರಮ ಎರಡೂ ಕಡೆ ಒಂದೇ, ಆದರೆ ಇಬಾದಾನ್‌ನಲ್ಲಿ ವೇಗ ನಾಲ್ಕು ಪಟ್ಟು! ಇಂಗ್ಲೆಂಡಿನ ನಾಲ್ಕು ವರ್ಷದ ಕೆಲಸವನ್ನು ಉಷ್ಣವಲಯದ ಮಣ್ಣು ಒಂದೇ ವರ್ಷದಲ್ಲಿ ಮಾಡಿ ಮುಗಿಸಿತ್ತು.

ಬಯಲುಸೀಮೆಯ ಮಣ್ಣೂ ಬೆಚ್ಚನೆಯದೇ. ಬೇಸಿಗೆಯಲ್ಲಿ ತೇವವಿಲ್ಲದೆ ಸೂಕ್ಷ್ಮಜೀವಿಗಳು ಸುಮ್ಮನಿರುತ್ತವೆ ನಿಜ. ಮೊದಲ ಮಳೆ ಬಿತ್ತೋ, ಇಲ್ಲವೋ, ಒಮ್ಮೆಗೇ ಎಚ್ಚೆತ್ತು ಉಸಿರಾಟ ಭುಗಿಲೇಳುತ್ತದೆ. 1950ರ ದಶಕದಲ್ಲಿ ಪೂರ್ವ ಆಫ್ರಿಕದಲ್ಲಿ ದುಡಿದ ಬರ್ಚ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಗುರುತಿಸಿದ್ದರಿಂದ ಅವರ ಹೆಸರೇ ಈ ಪರಿಣಾಮಕ್ಕೆ ಅಂಟಿಕೊಂಡಿದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಕವಿಗಳು ಹೊಗಳುತ್ತಾರೆ. ಆ ಹೊತ್ತಿನಲ್ಲೇ ಮಣ್ಣಿನ ಗಂಟು ಕರಗುತ್ತಿರುತ್ತದೆ ಎಂಬುದು ಇನ್ನೊಂದು ಮಾತು.

ಸೆಣಬಿನ 600 ಕಿಲೊ ಇಂಗಾಲದಲ್ಲಿ ವರ್ಷದ ಕೊನೆಗೆ ಐದರಲ್ಲೊಂದು ಪಾಲು ಉಳಿದರೆ 120 ಕಿಲೊ. 800 ಟನ್ ಮಣ್ಣಿನಲ್ಲಿ ಅದು ಶೇಕಡಾ 0.015. ಇನ್ನೊಂದು ಕಡೆ ಮಣ್ಣಿನಲ್ಲಿ ಮೊದಲೇ ಇದ್ದ 3,200 ಕಿಲೊ ಕೂಡ ಸುಮ್ಮನೆ ಕೂತಿರುವುದಿಲ್ಲ. ವರ್ಷಕ್ಕೆ ಶೇಕಡಾ ಮೂರರಂತೆ ಕರಗಿದರೂ ನೂರು ಕಿಲೊ ಹೋಯಿತು. ಇವು ಸ್ಥೂಲ ಲೆಕ್ಕಗಳು, ಮಣ್ಣಿನಿಂದ ಮಣ್ಣಿಗೆ, ಮಳೆಯಿಂದ ಮಳೆಗೆ ಬದಲಾಗುತ್ತವೆ. ಆದರೆ ಒಟ್ಟು ಚಿತ್ರ ಬದಲಾಗದು. ಒಂದು ವರ್ಷದ ಸೆಣಬು ಹೆಚ್ಚುಕಡಿಮೆ ಆ ವರ್ಷದ ನಷ್ಟವನ್ನು ತುಂಬಿಕೊಡುತ್ತದೆ, ಅಷ್ಟೇ. ಸೆಣಬೇ ಇಲ್ಲದ ಬೋಳು ತೋಪಿನಲ್ಲಿ ಆ ನಷ್ಟವನ್ನು ತುಂಬಲು ಉದುರಿದ ಮಾವಿನೆಲೆಯ ಹೊರತು ಬೇರೇನೂ ಇಲ್ಲ. ಅದನ್ನೂ ಗುಡಿಸಿ ಬೆಂಕಿ ಇಡುವ ತೋಪುಗಳಿಗೇನು ಕೊರತೆ? ಹಾಗಾಗಿ 0.40 ಮರುವರ್ಷವೂ 0.40 ಆಗಿಯೇ ಉಳಿದದ್ದು ಸೋಲಲ್ಲ.

ಉಳಿಯುವುದು ಯಾವುದು?

ಮಣ್ಣಿನಲ್ಲಿ ಉಳಿಯುವ ಕಪ್ಪು ವಸ್ತುವಿಗೆ ಹ್ಯೂಮಸ್ ಎಂಬ ಹೆಸರಿದೆ. ಕೊಳೆಯದೆ ಮಿಕ್ಕ ಸೊಪ್ಪಿನ ನಾರೇ ಹ್ಯೂಮಸ್ ಎಂದು ಹಿಂದೆ ತಿಳಿದಿದ್ದರು. ಈಗಿನ ತಿಳಿವಳಿಕೆ ಬೇರೆ. ಸೊಪ್ಪನ್ನು ತಿಂದು ಬೆಳೆದ ಸೂಕ್ಷ್ಮಜೀವಿಗಳು ಸತ್ತ ಮೇಲೆ ಅವುಗಳ ದೇಹದ ಅವಶೇಷ ಜೇಡಿಯ ಕಣಗಳಿಗೆ ಅಂಟಿಕೊಂಡು, ಮಣ್ಣಿನ ಹರಳುಗಳೊಳಗೆ ಸಿಕ್ಕಿಕೊಂಡು ದೀರ್ಘಕಾಲ ಉಳಿಯುತ್ತದೆ. ಹ್ಯೂಮಸ್‌ನಲ್ಲಿ ಅದರದೇ ದೊಡ್ಡ ಪಾಲು. ಆದ್ದರಿಂದಲೇ ಮರಳು ಮಣ್ಣಿನಲ್ಲಿ ಎಷ್ಟು ಸೊಪ್ಪು ಹಾಕಿದರೂ ನಿಲ್ಲದು, ಜೇಡಿ ಇರುವ ಮಣ್ಣು ಅಷ್ಟಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸೂಕ್ಷ್ಮಜೀವಿಯ ಮೈ ಕಟ್ಟಲು ಇಂಗಾಲವೊಂದೇ ಸಾಲದು, ಸಾರಜನಕವೂ ಬೇಕು. ಹ್ಯೂಮಸ್‌ನಲ್ಲಿ ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ರಾಗಿ ಹುಲ್ಲು, ತೆಂಗಿನ ಸಿಪ್ಪೆಗಳಲ್ಲಿ ಇಂಗಾಲ ಧಾರಾಳ, ಸಾರಜನಕಕ್ಕೆ ಬರ. ದ್ವಿದಳ ಸಸ್ಯಗಳ ಹಿರಿಮೆ ಇರುವುದು ಇಲ್ಲಿ. ಅವುಗಳ ಬೇರುಗಂಟಿನಲ್ಲಿ ಮನೆ ಮಾಡಿದ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ಸೆಣಬು ಮೊಳೆತು ತಿಂಗಳಾದ ಮೇಲೆ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಗುಲಾಬಿ ಬಣ್ಣವಿದ್ದರೆ ಕಾರ್ಖಾನೆ ನಡೆಯುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಾದ ಲೆಗ್‌ಹಿಮೋಗ್ಲೋಬಿನ್‌ನದು. ಹಸಿರು, ಬೂದು ಬಣ್ಣವಿದ್ದರೆ ಕೆಲಸ ನಿಂತಿದೆ. ಶಾಲೆಯ ಮಕ್ಕಳೂ ಮಾಡಿ ನೋಡಬಹುದಾದ ಪರೀಕ್ಷೆ ಇದು.

1,400 ಕಿಲೊ ಒಣ ಸೊಪ್ಪಿನಲ್ಲಿ ಮೂವತ್ತು ಕಿಲೊ ಆಸುಪಾಸು ಸಾರಜನಕ ಇರುತ್ತದೆ. ಒಂದೂವರೆ ಚೀಲ ಯೂರಿಯಾದಲ್ಲಿ ಇರುವಷ್ಟು. ಅಷ್ಟೂ ಗಾಳಿಯದಲ್ಲ, ಒಂದು ಪಾಲು ಅದೇ ಮಣ್ಣಿನಿಂದ ಹೀರಿದ್ದು. ಅಷ್ಟೂ ಮರಕ್ಕೆ ಸಿಗುವುದೂ ಇಲ್ಲ. ಆದರೂ ಮೊದಲ ವರ್ಷದಲ್ಲೇ ಕೈಗೆ ಹತ್ತುವ ಲಾಭವೆಂದರೆ ಇದೇ, ಸಾವಯವ ಅಂಶದ ಏರಿಕೆಯಲ್ಲ.

ಇನ್ನೊಂದು ಸಂಗತಿ ಬೇರಿನದು. ನೆಲದ ಮೇಲಿನ ಸೊಪ್ಪು ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದನ್ನೇ ಲೆಕ್ಕ ಹಿಡಿಯುತ್ತಾರೆ. ಬೇರಿನ ತೂಕ ಕಡಿಮೆ. ಆದರೆ ಒಂದು ಕಿಲೊ ಸೊಪ್ಪಿನ ಇಂಗಾಲಕ್ಕಿಂತ ಒಂದು ಕಿಲೊ ಬೇರಿನ ಇಂಗಾಲ ಮಣ್ಣಿನಲ್ಲಿ ಹೆಚ್ಚು ಉಳಿಯುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಬೇರು ಹುಟ್ಟುವುದೇ ಮಣ್ಣಿನ ಹರಳುಗಳ ನಡುವೆ. ಬದುಕಿರುವಾಗಲೇ ಅದು ಸಕ್ಕರೆಯಂಥ ರಸ ಒಸರಿ ಜೀವಿಗಳನ್ನು ಸಾಕುತ್ತದೆ, ಸತ್ತಾಗ ಇದ್ದಲ್ಲೇ ಉಳಿಯುತ್ತದೆ. ಹೀಗೆ ನೋಡಿದರೆ ನೆಲದ ಮೇಲೆ ಬೆಳೆ ಎಷ್ಟು ತಿಂಗಳು ಜೀವಂತ ನಿಂತಿತ್ತು ಎಂಬುದೂ ಎಷ್ಟು ಟನ್ ಸೊಪ್ಪು ಬಂತು ಎಂಬುದರಷ್ಟೇ ಮುಖ್ಯವಾಗುತ್ತದೆ.

ನೇಗಿಲು ತಿನ್ನುವ ಪಾಲು

ಹಸಿರೆಲೆ ಗೊಬ್ಬರದ ಪದ್ಧತಿ ಬಂದದ್ದು ಭತ್ತದ ಗದ್ದೆಯಿಂದ. ಗದ್ದೆಯಲ್ಲಿ ಸೊಪ್ಪನ್ನು ಕೆಸರಿಗೆ ತುಳಿಯುವುದು ಸರಿಯೇ. ಅಲ್ಲಿ ನಿಂತ ನೀರಿನಡಿ ಗಾಳಿ ಕಡಿಮೆ, ಕೊಳೆಯುವುದು ನಿಧಾನ, ಮುಂದಿನ ನಾಟಿಗೆ ನೆಲವೂ ತೆರವಾಗಬೇಕು. ಮಾವಿನ ತೋಪಿಗೆ ಅದೇ ಪದ್ಧತಿಯನ್ನು ಹಾಗೆಯೇ ತಂದದ್ದು ಅಷ್ಟೇನೂ ಯೋಚಿಸಿ ಮಾಡಿದ ಕೆಲಸವಲ್ಲ. ಮಾವಿಗೆ ಪ್ರತಿವರ್ಷ ನಾಟಿಯಿಲ್ಲ, ನೆಲ ತೆರವು ಮಾಡುವ ಅಗತ್ಯವಿಲ್ಲ. ಒಣ ಭೂಮಿಯಲ್ಲಿ ನೇಗಿಲು ಮಣ್ಣನ್ನು ಮಗುಚಿದಾಗ ಒಳಗೆ ಭದ್ರವಾಗಿದ್ದ ಹರಳುಗಳು ಒಡೆಯುತ್ತವೆ, ಗಾಳಿ ನುಗ್ಗುತ್ತದೆ, ಜೇಡಿಯ ಮರೆಯಲ್ಲಿದ್ದ ಹ್ಯೂಮಸ್ ಸೂಕ್ಷ್ಮಜೀವಿಗಳ ಬಾಯಿಗೆ ಬೀಳುತ್ತದೆ. ಸೆಣಬು ಕೂಡಿಸಿದ್ದನ್ನು ಉಳುಮೆ ಕಳೆಯುತ್ತದೆ. ಅದರ ಮೇಲೆ ಮರದ ಎಳೆಯ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಅವೂ ತುಂಡಾಗುತ್ತವೆ. ರೋಟವೇಟರ್ ಬಂದ ಮೇಲಂತೂ ಮಣ್ಣು ಹಿಟ್ಟಿನಂತಾಗಿ, ಒಂದು ಹೊಡೆತದ ಮಳೆ ಬಿದ್ದರೆ ಮೇಲೆ ಚಕ್ಕೆ ಕಟ್ಟುತ್ತದೆ.

ಕುಡುಗೋಲಿನಿಂದಲೋ, ಕಳೆ ಕತ್ತರಿಸುವ ಯಂತ್ರದಿಂದಲೋ ಸೆಣಬನ್ನು ಬುಡಕ್ಕೆ ಕೊಯ್ದು ಅಲ್ಲೇ ಹಾಸಿಬಿಡುವುದು ತೋಪಿಗೆ ಒಪ್ಪುವ ದಾರಿ. ಬೇರು ಮಣ್ಣಲ್ಲೇ ಉಳಿಯುತ್ತದೆ, ಸೊಪ್ಪು ಹೊದಿಕೆಯಾಗುತ್ತದೆ. ಇದಕ್ಕೂ ಬೆಲೆ ತೆರಬೇಕು. ಮೇಲೆ ಹಾಸಿದ ಎಳೆ ಸೊಪ್ಪಿನಿಂದ ಸ್ವಲ್ಪ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಗೆದ್ದಲೂ ತನ್ನ ಪಾಲು ಕೇಳುತ್ತದೆ. ಆದರೂ ಸಾವಯವ ಅಂಶವೇ ಗುರಿಯಾದರೆ ಈ ಬೆಲೆ ದುಬಾರಿಯಲ್ಲ.

ಕೊಯ್ಲಿನ ಹದದ ಬಗ್ಗೆ ಒಂದು ಮಾತು. ಹೂ ಮೂಡುವ ಹೊತ್ತಿಗೆ, ಬಿತ್ತಿದ 45ರಿಂದ 60 ದಿನಗಳೊಳಗೆ ಕೊಯ್ದರೆ ಸೊಪ್ಪು ಬೇಗ ಕರಗಿ ಸಾರಜನಕ ಬಿಡುತ್ತದೆ. ಕಾಯಿ ಕಟ್ಟುವವರೆಗೆ ಬಿಟ್ಟರೆ ಕಾಂಡ ನಾರಾಗುತ್ತದೆ. ಸೆಣಬಿನ ನಾರಿನಿಂದಲೇ ಹಗ್ಗ ಹೊಸೆಯುತ್ತಿದ್ದರಲ್ಲವೇ! ಅಂಥ ಕಾಂಡ ನಿಧಾನವಾಗಿ ಕರಗಿ ನೆಲವನ್ನು ಹೆಚ್ಚು ಕಾಲ ಮುಚ್ಚಿರುತ್ತದೆ, ಆದರೆ ಮಣ್ಣಿಗೆ ಮಗುಚಿದರೆ ಕೆಲಕಾಲ ಮಣ್ಣಿನ ಸಾರಜನಕವನ್ನೇ ಕಟ್ಟಿಹಾಕುತ್ತದೆ. ಹಸಿದ ಎಳೆಯ ಗಿಡಗಳಿಗೆ ಮೊದಲ ಬಗೆ, ಬೆಳೆದ ಮರಗಳ ನಡುವಿನ ನೆಲಕ್ಕೆ ಎರಡನೆಯ ಬಗೆ ಎಂದು ಹಂಚಿಕೊಳ್ಳಲು ಅಡ್ಡಿಯಿಲ್ಲ.

ಪೂಸಾದ ಪಾಠ

ಹೊದಿಕೆ ಬೆಳೆ ಎಂದರೆ ಲಾಭವೇ ಲಾಭ ಎಂದು ಹೊರಡುವವರು ಆಲ್ಬರ್ಟ್ ಹೋವರ್ಡ್ ಅವರ ಒಂದು ಪ್ರಯೋಗವನ್ನು ತಿಳಿದಿರಬೇಕು. ಇಂದೋರ್ ಕಾಂಪೋಸ್ಟ್ ಪದ್ಧತಿಯಿಂದ ಹೆಸರಾದ ಹೋವರ್ಡ್ ಅದಕ್ಕೂ ಮೊದಲು, 1905ರಿಂದ 1924ರವರೆಗೆ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದರು. ಅಲ್ಲಿ ಹಣ್ಣಿನ ಗಿಡಗಳನ್ನು ನೆಟ್ಟು, ಕೆಲವಕ್ಕೆ ಬುಡದವರೆಗೂ ಹುಲ್ಲು ಬೆಳೆಯಲು ಬಿಟ್ಟು, ಕೆಲವಕ್ಕೆ ನೆಲ ಚೊಕ್ಕವಾಗಿಟ್ಟು ಹೋಲಿಸಿದರು. 1925ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಹುಲ್ಲಿನ ನಡುವಿನ ಎಳೆಯ ಗಿಡಗಳು ಸೊರಗಿದ್ದವು, ಬೆಳೆದು ನಿಂತ ಮರಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀರಿನ ಪೈಪೋಟಿಗಿಂತ ಮಳೆಗಾಲದಲ್ಲಿ ಬೇರಿಗೆ ಗಾಳಿ ಸಿಗದಿರುವುದೇ ದೊಡ್ಡ ಕಾರಣ ಎಂಬುದು ಹೋವರ್ಡರ ವಾದ.

ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಕೋಲಾರದಂಥ ಸೀಮೆಯಲ್ಲಿ ನೀರಿನ ಪೈಪೋಟಿಯನ್ನು ಮರೆಯುವಂತಿಲ್ಲ. ಹಾಗಾಗಿ ಎಳೆಯ ಗಿಡದ ಪಾತಿಯೊಳಗೆ ಸೆಣಬು ಬಾರದಂತೆ ನೋಡಿಕೊಳ್ಳುವುದು, ಸಾಲುಗಳ ನಡುವೆ ಮಾತ್ರ ಬಿತ್ತುವುದು ಕ್ಷೇಮ. ಕಾಲದ ಹೊಂದಾಣಿಕೆಯೂ ಬೇಕು. ಮಾವಿನ ಕೊಯ್ಲು ಮುಗಿಯುವ ಜುಲೈನಲ್ಲಿ, ಪುನರ್ವಸು–ಪುಷ್ಯ ಮಳೆಗೆ ಬಿತ್ತಿದರೆ ಸೆಪ್ಟೆಂಬರ್ ಕೊನೆಗೆ ಹೂ ಮೂಡುತ್ತದೆ. ಆಗ ಕೊಯ್ದು ಹಾಸಿದರೆ ಉತ್ತರೆ, ಹಸ್ತದ ಮಳೆಗಳು ಹೊದಿಕೆಯ ಕೆಳಗೆ ಇಂಗುತ್ತವೆ. ಡಿಸೆಂಬರ್‌ವರೆಗೆ ಬೆಳೆಯನ್ನು ನಿಲ್ಲಿಸಿದರೆ ಮರದ ಪಾಲಿನ ತೇವವನ್ನು ಅದು ಕುಡಿದುಬಿಡುತ್ತದೆ, ಬೇಸಿಗೆಯಲ್ಲಿ ಒಣಗಿ ನಿಂತ ಕಡ್ಡಿ ಬೆಂಕಿಗೂ ಆಹ್ವಾನ. ಹಾವಿನ ಭಯವಂತೂ ಕೂಲಿಯವರು ಮೊದಲೇ ಹೇಳುವ ಮಾತು. ಅದನ್ನು ಹಗುರಾಗಿ ತಳ್ಳಿಹಾಕಬಾರದು.

ಕರಾವಳಿಯ ತೆಂಗಿನ ತೋಟದ ಲೆಕ್ಕ ಇದಕ್ಕೆ ವಿರುದ್ಧ. ಅಲ್ಲಿ ಮಳೆ ಹೇರಳ, ಮಣ್ಣು ಮಾತ್ರ ಮರಳು ಮರಳು. 1916ರಲ್ಲಿ ತೆಂಗಿನ ಸಂಶೋಧನೆ ಆರಂಭವಾದ ಕಾಸರಗೋಡಿನಲ್ಲಿ ಈಗಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿನ ಪಾತಿಯೊಳಗೇ ಅಲಸಂದೆ, ಪ್ಯುರೇರಿಯಾ, ಕ್ಯಾಲೊಪೊಗೋನಿಯಂಗಳನ್ನು ಮುಂಗಾರಿಗೆ ಬಿತ್ತಿ ಮಳೆಗಾಲ ಮುಗಿಯುವ ಮೊದಲು ಅಲ್ಲೇ ಸೇರಿಸುವ ಕ್ರಮವನ್ನು ಶಿಫಾರಸು ಮಾಡಿದೆ. ಒಂದೊಂದು ಪಾತಿಯಲ್ಲಿ 15ರಿಂದ 25 ಕಿಲೊ ಹಸಿ ಸೊಪ್ಪು ಸಿಗುತ್ತದೆ. ಬೇಲಿಯ ಗುಂಟ ನೆಟ್ಟ ಗ್ಲಿರಿಸಿಡಿಯಾದ ಸೊಪ್ಪು ಬೇರೆ. ಮಲೆನಾಡಿನ ಅಡಿಕೆಯವರಿಗೆ ಇದೆಲ್ಲ ಹೊಸತಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರೆಂದರೆ, ತೋಟದ ಮಣ್ಣನ್ನು ಇದ್ದಂತೆ ಉಳಿಸಲು ಎಷ್ಟು ಸೊಪ್ಪು ಬೇಕಾದೀತು ಎಂಬ ಅಂದಾಜು ಹಿಂದಿನವರಿಗಿತ್ತು. ಮೇಲಿನ ಲೆಕ್ಕ ನೋಡಿದರೆ ಅದು ಅತಿಯೆನಿಸದು. ಬಯಲುಸೀಮೆಯ ಮಾವಿನವರಿಗೆ ಬೆಟ್ಟವಿಲ್ಲ. ಮರಗಳ ನಡುವಿನ ಆ 87 ಪಾಲು ನೆಲವೇ ಅವರ ಸೊಪ್ಪಿನ ಬೆಟ್ಟ.

ಎರಡು ಲೋಟಗಳ ಪರೀಕ್ಷೆ

ಚೀಟಿಯ ಅಂಕಿ ಏರಲು ಐದಾರು ವರ್ಷವಾದರೂ ಕಾಯಬೇಕೆಂದರೆ ಅಲ್ಲಿಯವರೆಗೆ ಕೆಲಸ ಸರಿದಾರಿಯಲ್ಲಿದೆ ಎಂದು ತಿಳಿಯುವುದು ಹೇಗೆ? ಉಳದೆ ಬಿಟ್ಟ, ಹೊದಿಕೆಯಿರುವ ನೆಲದಿಂದ ಗೋಲಿ ಗಾತ್ರದ ಒಂದು ಹೆಂಟೆ, ಉಳುತ್ತಲೇ ಇರುವ ನೆಲದಿಂದ ಅಂಥದೇ ಇನ್ನೊಂದು ಹೆಂಟೆ ತಂದು ನೆರಳಲ್ಲಿ ಒಣಗಿಸಬೇಕು. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಮೇಲೆ ಸೊಳ್ಳೆಪರದೆಯ ಚೂರು ಇಳಿಬಿಟ್ಟು, ಅದರ ಮೇಲೆ ಹೆಂಟೆಗಳು ಮುಳುಗುವಂತೆ ಇಡಬೇಕು. ಸಾವಯವ ಅಂಟು ಇಲ್ಲದ ಹೆಂಟೆ ಐದು ನಿಮಿಷದೊಳಗೆ ಕುಸಿದು ತಳ ಸೇರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ನುಗ್ಗುವ ನೀರಿನ ಒತ್ತಡಕ್ಕೆ ಅದನ್ನು ಸಿಡಿಸುತ್ತದೆ. ಶಿಲೀಂಧ್ರದ ಎಳೆ, ಬೇರಿನ ಅಂಟುಗಳು ಹಿಡಿದ ಹೆಂಟೆ ಗಟ್ಟಿಯಾಗಿ ಕೂತಿರುತ್ತದೆ. ಒಟ್ಟು ಇಂಗಾಲ ಅಳತೆಗೆ ಸಿಗುವಷ್ಟು ಏರುವ ಮೊದಲೇ ಈ ವ್ಯತ್ಯಾಸ ಕಾಣತೊಡಗುತ್ತದೆ. ಮಳೆ ನೀರು ಹರಿದುಹೋಗದೆ ಇಂಗುವುದು, ಹೊದಿಕೆ ಸರಿಸಿದರೆ ಎರೆಹುಳುವಿನ ಹಿಕ್ಕೆ ಸಿಗುವುದು ಇದರ ಜೊತೆಗೇ ಬರುವ ಗುರುತುಗಳು.

ಮಣ್ಣಿನ ಮಾದರಿ ತೆಗೆಯುವಲ್ಲೂ ಎಚ್ಚರ ಬೇಕು. ಉಳದೆ ಬಿಟ್ಟ ತೋಪಿನಲ್ಲಿ ಸಾವಯವ ಅಂಶ ಮೊದಲು ಏರುವುದು ಮೇಲಿನ ಐದು ಸೆಂಟಿಮೀಟರಿನಲ್ಲಿ. ಹದಿನೈದು ಸೆಂಟಿಮೀಟರ್ ಮಣ್ಣನ್ನು ಒಟ್ಟಿಗೆ ಕಲೆಸಿದರೆ ಆ ಏರಿಕೆ ಮೂರು ಪಟ್ಟು ತೆಳುವಾಗುತ್ತದೆ. ಮರದ ನೆರಳಿನ ಮಣ್ಣಿಗೂ ನಡುವಿನ ಬಯಲಿನ ಮಣ್ಣಿಗೂ ವ್ಯತ್ಯಾಸ ಎಷ್ಟೋ ಸಲ ಒಂದು ದಶಾಂಶಕ್ಕೂ ಹೆಚ್ಚು. ಒಂದು ವರ್ಷ ಅಲ್ಲಿ, ಇನ್ನೊಂದು ವರ್ಷ ಇಲ್ಲಿ ತೆಗೆದರೆ ಏರಿಳಿತ ಮಣ್ಣಿನದಲ್ಲ, ಗುದ್ದಲಿಯದು. ಅದೇ ಸಾಲು, ಅದೇ ತಿಂಗಳು, ಮೇಲಿನ ಪದರ ಬೇರೆ ಕೆಳಗಿನ ಪದರ ಬೇರೆ ತೆಗೆಸಿ, ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು.

ಐದಾರು ವರ್ಷ ಸತತವಾಗಿ ಬಿತ್ತುವುದೆಂದರೆ ಬೀಜದ ಚಿಂತೆ. ಎಕರೆಗೆ 10ರಿಂದ 15 ಕಿಲೊ ಬೇಕು. ಮಳೆ ಬಿದ್ದ ವಾರದಲ್ಲಿ ಅಂಗಡಿಗೆ ಹೋದರೆ ಸಿಕ್ಕೀತೆಂಬ ನಂಬಿಕೆಯಿಲ್ಲ. ಕೊಯ್ಯುವಾಗ ತೋಪಿನ ಅಂಚಿನಲ್ಲಿ, ಮರದ ನೆರಳು ಬೀಳದ ಕಡೆ, ನಾಲ್ಕಾರು ಗುಂಟೆ ಸೆಣಬನ್ನು ಹಾಗೆಯೇ ಬಿಟ್ಟರೆ ಮುಂದಿನ ವರ್ಷಕ್ಕೆ ಒಂದು ಎಕರೆಯ ಬೀಜ ಅಲ್ಲೇ ಆಗುತ್ತದೆ. ಕಾಯಿಕೊರಕದ ಹುಳುವನ್ನು ಮಾತ್ರ ನೋಡಿಕೊಳ್ಳಬೇಕು. ಸೆಣಬಿನ ಕುಲಕ್ಕೆ ಕ್ರೋಟಲೇರಿಯಾ ಎಂಬ ಹೆಸರು ಬಂದದ್ದು ಗಿಲಕಿ ಎಂಬರ್ಥದ ಗ್ರೀಕ್ ಪದದಿಂದ. ಗಿಡ ಅಲ್ಲಾಡಿಸಿದಾಗ ಒಣಗಿದ ಕಾಯಿಯೊಳಗೆ ಬೀಜ ಗಿಲಗಿಲ ಎಂದರೆ ಕೊಯ್ದು ಕಣಕ್ಕೆ ಹಾಕುವ ಹದ ಬಂತೆಂದು ತಿಳಿಯಬಹುದು.